ಐವತ್ತೈದು ಕಿಲೋ

ಮಾಕಳಿಯಲ್ಲಿ ಸಂಜೆಯಾಯಿತೆಂದು ಮೊದಲು ತಿಳಿಯುವುದು ಕಿವಿಗೆ. ಹಗಲೆಲ್ಲ ಒಂದೇ ಸಮನೆ ಹರಿಯುತ್ತಿದ್ದ ತುಮಕೂರು ರಸ್ತೆಯ ಸದ್ದು ಐದು ಗಂಟೆಯ ಹೊತ್ತಿಗೆ ಗಂಟುಗಂಟಾಗುತ್ತದೆ. ನೆಲಮಂಗಲದ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಊದುವ ಸೀಟಿ, ಸರ್ವೀಸ್ ರಸ್ತೆಯ ಗೋಬಿ ಗಾಡಿಯವನು ಬಾಣಲೆಗೆ ಸೌಟು ಕುಟ್ಟುವ ಟಣಟಣ, ಪಾಳಿ ಮುಗಿಸಿದವರನ್ನು ಇಳಿಸಲು ನಿಂತ ಕಂಪನಿ ಬಸ್ಸಿನ ಬ್ರೇಕು ಬಿಡುವ ಉಸ್ಸೆಂಬ ಉಸಿರು, ಎಲ್ಲ ಒಂದರ ಮೇಲೊಂದು ಬೀಳುತ್ತವೆ. ಆಮೇಲೆ ಮೂಗಿನ ಸರದಿ. ಡೀಸೆಲ್ಲು, ದೂಳು, ಕರಿದ ಬೆಳ್ಳುಳ್ಳಿ. ಊರಿನ ಹಳಬರಿಗೆ ಮಾಕಳಿ ಎಂದೊಡನೆ ಬೇರಿನ ಘಮ ನೆನಪಾಗುತ್ತದೆ. ಮಜ್ಜಿಗೆಯಲ್ಲೋ ನಿಂಬೆರಸದಲ್ಲೋ ಉಪ್ಪಿನಕಾಯಿ ಹಾಕುವ ಆ ಬೇರಿಗೂ ಇದೇ ಹೆಸರು. ಹೊಸಬರಿಗೆ ನೆನಪಾಗುವುದು ಹಿಮಾಲಯ ಔಷಧ ಕಂಪನಿ. ಇನ್ನು ಪೀಣ್ಯದಿಂದ ಈಚೆಗೆ ಸಾಲಾಗಿ ಹಬ್ಬಿರುವ ಸಣ್ಣಪುಟ್ಟ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಮಾಕಳಿ ಎಂದರೆ ಬಾಡಿಗೆ ಕಡಿಮೆ ಇರುವ ಊರು.

ಹೆದ್ದಾರಿ ಬಿಟ್ಟು ನನ್ನ ಜತೆ ಒಳಗೆ ಹೊರಳಿ. ಕಿರಾಣಿ ಅಂಗಡಿ ದಾಟಿ, ಗುಜರಿ ಅಂಗಡಿಯ ರಟ್ಟಿನ ಗುಡ್ಡೆ ದಾಟಿ, ಹೊಂಗೆ ಮರದ ಪಕ್ಕ ಒಂದು ವಠಾರವಿದೆ. ಸಾಲಾಗಿ ಆರು ಕೋಣೆ, ಮೇಲೆ ಸಿಮೆಂಟ್ ಶೀಟು. ಅಂಗಳದ ಉದ್ದಕ್ಕೂ ಎಳೆದ ತಂತಿಯ ಮೇಲೆ ನೀಲಿ, ಬೂದು, ಕಂದು ಬಣ್ಣದ ಯೂನಿಫಾರಂ ಷರ್ಟುಗಳು ತೂಗುತ್ತಿರುತ್ತವೆ. ಎಷ್ಟು ಸೋಪು ಹಾಕಿ ಒಗೆದರೂ ಲೇತ್ ಯಂತ್ರದ ಕೂಲೆಂಟಿನ ವಾಸನೆ ಬಟ್ಟೆ ಬಿಟ್ಟು ಹೋಗುವುದಿಲ್ಲ. ಬಾಗಿಲಾಚೆ ಬಿಟ್ಟ ಚಪ್ಪಲಿ ಎಣಿಸಿದರೆ ಒಳಗೆಷ್ಟು ಜನರೆಂದು ಗೊತ್ತಾಗುತ್ತದೆ. ಮೂರನೆಯ ಕೋಣೆಯಿಂದ ಮಾತ್ರ ಈ ಕಡೆಯದಲ್ಲದ ಸದ್ದೊಂದು ಬರುತ್ತದೆ. ಟಪ್, ಟಪ್, ಟಪ್, ನಡುವೆ ಒಂದು ಗಳಿಗೆ ಬಿಡುವು, ಮತ್ತೆ ಟಪ್, ಟಪ್. ಮುದ್ದೆ ತಿರುವುವ ನಾಡಿನಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು. ಆ ಕೋಣೆಯ ನಾಲ್ವರೂ ಬಾಗಲಕೋಟೆ ಜಿಲ್ಲೆಯವರು. ರೊಟ್ಟಿ ಬಡಿಯುವವನು ನಾಲ್ವರಲ್ಲಿ ಹಿರಿಯ. ಉಳಿದವರು ಅವನನ್ನು ವಸ್ತಾದ ಎಂದು ಕರೆಯುತ್ತಿದ್ದರು. ಹಾಗೆ ಕರೆದು ಕರೆದು ನನಗೂ ಅದೇ ಬಾಯಿಗೆ ಬಂತು.

ವಸ್ತಾದನನ್ನು ನೋಡಿದವರ ಕಣ್ಣು ಮೊದಲು ಹೋಗುವುದು ಅವನ ಎಡಗಿವಿಗೆ. ಸುಟ್ಟ ಹಪ್ಪಳದ ಹಾಗೆ ಮುರುಟಿ, ಮುಟ್ಟಿದರೆ ಕಾಯಿಯಂತೆ ಗಟ್ಟಿ. ಎದುರಾಳಿಯ ತಲೆಗೆ ತಲೆ ಕೊಟ್ಟು ತಿಕ್ಕಿದಾಗ ಕಿವಿಯೊಳಗೆ ರಕ್ತ ಕಟ್ಟಿ, ಕಟ್ಟಿದ್ದು ಗಟ್ಟಿಯಾಗಿ ಉಳಿದ ಗುರುತು ಅದು. ಗರಡಿಯಲ್ಲಿ ಬೆಳೆದವರು ಒಬ್ಬರನ್ನೊಬ್ಬರು ಬಸ್ಸಿನಲ್ಲಿ ಕಂಡರೂ ಕಿವಿ ನೋಡಿಯೇ ಮಾತಿಗೆ ಇಳಿಯುತ್ತಾರೆ. ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ ಇವನು ಮ್ಯಾಟ್ ಮೇಲೆ ಕುಸ್ತಿ ಹಿಡಿದವನು, ಐವತ್ತೈದು ಕಿಲೋ ವಿಭಾಗದಲ್ಲಿ. ಈಗ ಕಾರ್ಖಾನೆಯೊಂದರ ಡಿಸ್ಪ್ಯಾಚ್ ಕಡೆ ಪೆಟ್ಟಿಗೆ ತೂಗಿ ಲಾರಿಗೆ ಏರಿಸುವ ಕೆಲಸ. ಮೈ ಸ್ವಲ್ಪ ತುಂಬಿಕೊಂಡಿದೆ. ಆದರೆ ಹಿಟ್ಟು ಮೆತ್ತಿದ ಅಂಗೈಯಿಂದ ರೊಟ್ಟಿಯನ್ನು ತಿರುಗಿಸುವಾಗ ಅವನ ಹೆಗಲಿನಿಂದ ಮಣಿಕಟ್ಟಿನವರೆಗೆ ಒಂದು ಹುರಿ ಎದ್ದು ಓಡುತ್ತದೆ, ನೀರಿನೊಳಗೆ ಮೀನು ಸರಿದ ಹಾಗೆ.

2020ರ ಫೆಬ್ರುವರಿ 18, ಮಂಗಳವಾರ. ಆ ಸಂಜೆ ರೊಟ್ಟಿಯ ಸದ್ದು ನಡುವೆಯೇ ನಿಂತಿತು. ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತು ವಸ್ತಾದ ಕೂಗಿದ. “ಸರ, ಲಗೂನ ಬರ್ರಿ. ನಮ್ ಕಡೀ ಹುಡುಗ ದಿಲ್ಲಿಯೊಳಗ ಕುಸ್ತಿ ಹಿಡ್ಯಾಕತ್ತಾನ.”

ಒಳಗೆ ಹೋದೆ. ಹತ್ತಡಿ ಹತ್ತಡಿಯ ಕೋಣೆ. ಗೋಡೆಗೆ ಒರಗಿಸಿದ ಸುರುಳಿ ಹಾಸಿಗೆಗಳು, ಮೂಲೆಯಲ್ಲಿ ಗ್ಯಾಸ್ ಒಲೆ, ಅದರ ಮೇಲೆ ಉಬ್ಬಿದ ರೊಟ್ಟಿ, ಪಕ್ಕದಲ್ಲಿ ಶೇಂಗಾ ಹಿಂಡಿಯ ಡಬ್ಬಿ, ಹೆಚ್ಚಿಟ್ಟ ಉಳ್ಳಾಗಡ್ಡಿ. ಅಕ್ಕಿ ಡಬ್ಬಕ್ಕೆ ಆನಿಸಿಟ್ಟ ಮೊಬೈಲಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಇಬ್ಬರು ಆಳುಗಳು ಹಳದಿ ಮ್ಯಾಟಿನ ಮೇಲೆ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಆ ಮ್ಯಾಟು ಇದ್ದದ್ದು ದೆಹಲಿಯ ಕೆ.ಡಿ. ಜಾಧವ್ ಒಳಾಂಗಣದಲ್ಲಿ, ನಡೆಯುತ್ತಿದ್ದದ್ದು ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್, ಗ್ರೀಕೋ ರೋಮನ್ ಶೈಲಿ, 55 ಕಿಲೋ. ಹುಡುಗನ ಹೆಸರು ಅರ್ಜುನ ಹಲಕುರ್ಕಿ. ಹಲಕುರ್ಕಿ ಬಾದಾಮಿ ತಾಲ್ಲೂಕಿನ ಒಂದು ಊರು. ಊರಿನ ಹೆಸರೇ ಬೆನ್ನಿಗಂಟಿದ ಹುಡುಗನನ್ನು ಆ ಕೋಣೆಯವರು ತಮ್ಮ ಓಣಿಯವನೆಂದೇ ನೋಡುತ್ತಿದ್ದರು.

ಐವತ್ತೈದು ಕಿಲೋ ಎಂದರೆ ಎಷ್ಟೆಂದು ಒಮ್ಮೆ ಮನಸ್ಸಿನಲ್ಲಿ ತೂಗಿ ನೋಡಿ. ಒಂದು ಮೂಟೆ ಸಿಮೆಂಟು 50 ಕಿಲೋ. ಅದರ ಮೇಲೆ ಐದು ಕಿಲೋದ ಒಂದು ಬೆಲ್ಲದ ಪೆಂಟಿ ಇಟ್ಟರೆ ಮುಗಿಯಿತು, ಇಡೀ ಪೈಲ್ವಾನ. ಪೈಲ್ವಾನ ಎಂದೊಡನೆ ನಮ್ಮ ಕಣ್ಣಿಗೆ ಬರುವ ಆನೆಯಂಥ ಮೈ, ಕಂಬದಂಥ ತೊಡೆ ಇಲ್ಲಿ ಇಲ್ಲ. ಷರ್ಟು ಹಾಕಿ ನಿಲ್ಲಿಸಿದರೆ ಮದುವೆ ಮನೆಯಲ್ಲಿ ಬಾಳೆಲೆ ಹಾಸಲು ಓಡಾಡುವ ಹುಡುಗ. ಷರ್ಟು ತೆಗೆದರೆ ಗೊತ್ತಾಗುತ್ತದೆ: ಎಲುಬು ಮತ್ತು ಹುರಿ, ನಡುವೆ ಬೇರೇನೂ ಇಲ್ಲ.

ಜಾತ್ರೆಯ ಕುಸ್ತಿಯಲ್ಲಿ ಇಂಥ ಹುಡುಗನಿಗೆ ಜಾಗ ಸಿಗುವುದು ನೋಡುವವರ ಕಣ್ಣಳತೆಯ ಮೇಲೆ. ಮೈಸೂರು ದಸರಾ ಹತ್ತಿರವಾದಾಗ ಜೋಡಿ ಕಟ್ಟುವ ದಿನ ಹೋಗಿ ನೋಡಬೇಕು. ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸುತ್ತಾರೆ, ಹಿರಿಯ ಪೈಲ್ವಾನರು ಎತ್ತರ ನೋಡುತ್ತಾರೆ, ಹೆಗಲು ಮುಟ್ಟುತ್ತಾರೆ, ಯಾವ ಗರಡಿಯವನು, ಈಚೆಗೆ ಯಾರ ಮೇಲೆ ಗೆದ್ದ ಎಂದು ವಿಚಾರಿಸುತ್ತಾರೆ, ಆಮೇಲೆ ಇಬ್ಬರ ಕೈಗೂಡಿಸುತ್ತಾರೆ. ಅದರಲ್ಲಿ ಒಂದು ಚೆಂದವಿದೆ. ಕಣ್ಣು ತಪ್ಪುವುದೂ ಇದೆ. ಬಾಗಲಕೋಟೆ, ಬೆಳಗಾವಿ ಕಡೆಯ ನಿಕಾಲಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗುವವರೆಗೆ ಬಿಡುವ ಮಾತಿಲ್ಲ. ಹಲಗಿ ಬಡಿಯುತ್ತಲೇ ಇರುತ್ತದೆ, ಸುತ್ತಲಿನ ಜನ ಕೂಗುತ್ತಲೇ ಇರುತ್ತಾರೆ, ಹತ್ತು ಕಿಲೋ ಹೆಚ್ಚಿದ್ದವನು ಮೇಲೆ ಬಿದ್ದರೆ ಕೆಳಗಿನವನ ಉಸಿರೇ ಸಿಕ್ಕಿಕೊಳ್ಳುತ್ತದೆ. ಮ್ಯಾಟಿನ ಕುಸ್ತಿಯಲ್ಲಿ ಜೋಡಿ ಕಟ್ಟುವುದು ತಕ್ಕಡಿ. ಅದಕ್ಕೆ ಗರಡಿ ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಊರ ಗೌಡ ಯಾರೆಂದು ಗೊತ್ತಿಲ್ಲ. ಸಣ್ಣ ಮೈಯ ಹುಡುಗನಿಗೆ ಸಣ್ಣ ಮೈಯ ಹುಡುಗನನ್ನೇ ಎದುರಿಗೆ ತಂದು ನಿಲ್ಲಿಸುತ್ತದೆ. ಹಾಲು ತುಪ್ಪ ಬಾದಾಮಿ ತಿಂದು ಬೆಳೆಯದ ಮನೆಗಳ ಹುಡುಗರಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಬೇರೆ ಯಾವ ಆಟ ಮಾಡಿದೆಯೋ ನನಗೆ ಕಾಣದು.

ತಕ್ಕಡಿಯ ಉಪಕಾರಕ್ಕೆ ಬೆಲೆಯೂ ಇದೆ. ಅದನ್ನು ವಸ್ತಾದ ರೊಟ್ಟಿಗೆ ನೀರು ಸವರುತ್ತ ಹೇಳಿದ. ಪಂದ್ಯದ ದಿನ ಬೆಳಗ್ಗೆ ತೂಕ ಹಾಕುತ್ತಾರೆ. ಉಗುರು ಕತ್ತರಿಸಿದೆಯೇ, ಮೈಮೇಲೆ ಕಜ್ಜಿ ತುರಿ ಇದೆಯೇ ನೋಡುತ್ತಾರೆ. ಅದಕ್ಕೆ ಮೂರು ದಿನ ಮೊದಲಿಂದ ಊಟ ಅರ್ಧ, ಹಿಂದಿನ ದಿನ ನೀರೂ ಇಲ್ಲ. ಪ್ಲಾಸ್ಟಿಕ್ಕಿನ ಮಳೆ ಅಂಗಿ ತೊಟ್ಟು, ಅದರ ಮೇಲೆ ಸ್ವೆಟರ್ ಏರಿಸಿ, ಮಟಮಟ ಬಿಸಿಲಲ್ಲಿ ಓಡುವುದು. ಬಾಯಲ್ಲಿ ಹುಣಸೆಹಣ್ಣಿನ ಚೂರು ಇಟ್ಟುಕೊಂಡು, ಊರಿದ ಜೊಲ್ಲನ್ನು ಉಗುಳುತ್ತ ಕೂರುವುದು. ಕೊನೆಯ ನೂರು ಗ್ರಾಂ ಹೀಗೆ ಹೋಗಬೇಕು. ಒಂದು ಸಲ ಅವನು ಹೀಗೆಲ್ಲ ಮಾಡಿಯೂ ತೂಕ ಇನ್ನೂರು ಗ್ರಾಂ ಹೆಚ್ಚು ಬಂತು. ತಲೆ ಬೋಳಿಸಿಕೊಂಡು ಬಂದು ಮತ್ತೆ ಹತ್ತಿ ನಿಂತ. ಆಗಲೂ ಮುಳ್ಳು ಇಳಿಯಲಿಲ್ಲ. ಬಂದ ಬಸ್ಸಿಗೇ ಊರಿಗೆ ಹೊರಟವನು ದಾರಿಯ ಖಾನಾವಳಿಯಲ್ಲಿ ಕೂತು ಏಳು ರೊಟ್ಟಿ ತಿಂದನಂತೆ, ಅಳುತ್ತ. 2024ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ 50 ಕಿಲೋಗೆ 100 ಗ್ರಾಂ ಹೆಚ್ಚಾಗಿ ಒಲಿಂಪಿಕ್ಸ್ ಫೈನಲ್ ಕಳೆದುಕೊಂಡ ದಿನ, ನನಗೆ ಆ ಏಳು ರೊಟ್ಟಿ ನೆನಪಾಯಿತು.

ಮತ್ತೆ ಆ ಕೋಣೆಗೆ ಬರೋಣ. ಗ್ರೀಕೋ ರೋಮನ್ ಎಂಬುದು ಏನೆಂದು ನನಗೆ ಅವತ್ತಿನವರೆಗೆ ನೆಟ್ಟಗೆ ಗೊತ್ತಿರಲಿಲ್ಲ. ಹೇಳಿ ತಿಳಿಸುವ ಬದಲು ವಸ್ತಾದ ನಾಲ್ವರಲ್ಲಿ ಕಿರಿಯನನ್ನು ಎಬ್ಬಿಸಿ ಹಾಸಿಗೆಯ ಮೇಲೆ ನಿಲ್ಲಿಸಿದ. ತಾನು ಎದೆಗೆ ಎದೆ ಕೊಟ್ಟು ನಿಂತು, ಅವನ ಬಗಲಿನೊಳಗೆ ಕೈ ತೂರಿಸಿ, ಬೆನ್ನ ಹಿಂದೆ ಎರಡೂ ಕೈ ಬೆಸೆದ. “ಕಾಲು ಮುಟ್ಟಂಗಿಲ್ರಿ, ಕಾಲು ಹಾಕಂಗಿಲ್ಲ. ಸೊಂಟದ ಕೆಳಗ ಅಂವಾ ಇಲ್ಲೇ ಇಲ್ಲ ಅಂತ ತಿಳ್ಕೊಂಡ ಹಿಡೀಬೇಕು.” ನಮ್ಮ ನಾಡಕುಸ್ತಿಯಲ್ಲಿ ಕಾಲಿನ ಕೆಲಸವೇ ಅರ್ಧ; ಕಾಲು ಸಿಕ್ಕಿಸಿ ಕೆಡಹುವ, ಬಗ್ಗಿ ತೊಡೆ ಹಿಡಿದೆಳೆಯುವ ಡಾವುಗಳಿಗೆ ಲೆಕ್ಕವಿಲ್ಲ. ಅವೆಲ್ಲ ಇಲ್ಲಿ ನಿಷಿದ್ಧ. ಉಳಿಯುವುದು ಕೈ, ಕತ್ತು, ಎದೆ, ಬೆನ್ನು. ಎದುರಿನವನನ್ನು ಅಪ್ಪಿ, ನೆಲದಿಂದ ಕಿತ್ತು, ತನ್ನ ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸಿ ತಲೆಯ ಮೇಲಿಂದ ಒಗೆಯಬೇಕು. ವಸ್ತಾದ ಕಿರಿಯನನ್ನು ಎತ್ತಿಯೂ ಬಿಟ್ಟ. ಶೀಟಿಗೆ ತಲೆ ತಾಗುವಷ್ಟರಲ್ಲಿ ಹುಡುಗ ಕಿರುಚಿ, ಒಲೆಯ ಮೇಲಿನ ರೊಟ್ಟಿ ಸೀದು, ಎಲ್ಲರೂ ಒಟ್ಟಿಗೆ ನಕ್ಕೆವು.

ಹೆಸರು ಗ್ರೀಸು ರೋಮುಗಳದ್ದಾದರೂ ಈಗಿನ ರೂಪದಲ್ಲಿ ಇದು ಬೆಳೆದದ್ದು 19ನೇ ಶತಮಾನದ ಫ್ರಾನ್ಸಿನಲ್ಲಿ, ಸಂತೆ ಜಾತ್ರೆಗಳ ಕುಸ್ತಿಯಾಗಿ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ಇದಿತ್ತು. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ರಷ್ಯಾದ ಪರ ಆಡಿದ ಮಾರ್ಟಿನ್ ಕ್ಲೈನ್ ಮತ್ತು ಫಿನ್ಲೆಂಡಿನ ಆಲ್ಫ್ರೆಡ್ ಅಸಿಕೈನೆನ್ ನಡುವಿನ ಸೆಮಿಫೈನಲ್ ಹನ್ನೊಂದು ಗಂಟೆ ನಲವತ್ತು ನಿಮಿಷ ನಡೆಯಿತು. ಗೆದ್ದ ಕ್ಲೈನ್‌ಗೆ ಫೈನಲ್ಲಿಗೆ ಎದ್ದು ನಿಲ್ಲುವ ತ್ರಾಣವೂ ಉಳಿದಿರಲಿಲ್ಲ. ಈಗ ಮೂರು ನಿಮಿಷದ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡು ಬಿಡುವು. ಒಂಬತ್ತು ಮೀಟರ್ ಅಡ್ಡಳತೆಯ ವೃತ್ತ, ಅದರ ಅಂಚಿಗೆ ಒಂದು ಮೀಟರಿನ ಕೆಂಪು ಪಟ್ಟಿ. ಕೆಡವಿದರೆ ಎರಡು ಅಂಕ, ಕೆಳಗೆ ಹಾಕಿ ಸೊಂಟ ತಬ್ಬಿ ಉರುಳಿಸಿದರೆ ಮತ್ತೆ ಎರಡು, ಎತ್ತಿ ಒಗೆದರೆ ನಾಲ್ಕು, ಅಪರೂಪದ ಎತ್ತರದಿಂದ ಒಗೆದರೆ ಐದು. ಎಂಟು ಅಂಕದ ಅಂತರ ಬಿತ್ತೆಂದರೆ ಗಡಿಯಾರ ನೋಡುವುದಿಲ್ಲ, ಕುಸ್ತಿ ಅಲ್ಲಿಗೇ ಮುಗಿದಂತೆ. ಕೈಕಟ್ಟಿ ಕಾಲ ಕಳೆಯುವವನಿಗೆ ರೆಫ್ರಿ ಶಿಕ್ಷೆ ಕೊಡುತ್ತಾನೆ: ಎದುರಾಳಿಗೆ ಒಂದು ಅಂಕ, ಇವನು ಮ್ಯಾಟಿನ ಮೇಲೆ ಬೋರಲು.

ಈ ಎಂಟು ಅಂಕದ ನಿಯಮವನ್ನು ನೆನಪಿಡಿ, ಅವತ್ತಿನ ಮಧ್ಯಾಹ್ನ ನಿಂತಿದ್ದೇ ಅದರ ಮೇಲೆ.

ಮಧ್ಯಾಹ್ನದ ಸುದ್ದಿಯನ್ನು ವಸ್ತಾದ ಡಿಸ್ಪ್ಯಾಚಿನ ತಕ್ಕಡಿಯ ಪಕ್ಕ ನಿಂತೇ ವಾಟ್ಸ್ಆ್ಯಪಿನಲ್ಲಿ ಓದಿದ್ದ. ಸೆಮಿಫೈನಲ್‌ನಲ್ಲಿ ಅರ್ಜುನನಿಗೆ ಎದುರಾದದ್ದು ಇರಾನಿನ ಪೌಯಾ ನಾಸೆರ್‌ಪೂರ್. ಇರಾನ್ ಎಂದರೆ ಈ ಶೈಲಿಯ ತವರಿದ್ದಂತೆ. ಇದೇ 55 ಕಿಲೋದಲ್ಲಿ ಹಮೀದ್ ಸೂರಿಯಾನ್ 2012ರ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದ ದೇಶ. ಅಂಥವನ ಮುಂದೆ ನಮ್ಮ ಹುಡುಗ 7-1ರಲ್ಲಿ ಮುಂದಿದ್ದ. ಆರು ಅಂಕದ ಅಂತರ. ಇನ್ನೊಂದು ಸಲ ಕೆಡವಿ ಎರಡು ಅಂಕ ತೆಗೆದಿದ್ದರೆ 9-1, ಕುಸ್ತಿ ಮುಗಿದು ಫೈನಲ್ಲಿನ ಬಾಗಿಲು ತೆರೆಯುತ್ತಿತ್ತು. ಆ ಎರಡು ಅಂಕ ಬರಲಿಲ್ಲ. ಇರಾನಿನವನು ಹಿಂದಿನಿಂದ ಬಂದು ಬಂದು 8-7ಕ್ಕೆ ಮುಗಿಸಿದ. ಒಂದು ಅಂಕ. “ಏಳಕ್ಕ ಒಂದು ಇತ್ರಿ ಸರ,” ಎಂದ ವಸ್ತಾದ, ಬೆರಳಲ್ಲಿ ಹಿಟ್ಟಿನ ಮೇಲೆ ಏಳು ಮತ್ತು ಒಂದು ಬರೆದು ತೋರಿಸಿ. ಆಮೇಲೆ ಆ ಹಿಟ್ಟನ್ನು ಅಂಗೈಯಲ್ಲಿ ಒತ್ತಿ ಅಳಿಸಿದ. ತೂಕ ಇಳಿಸಿದ ಮೈಗೆ ಮೊದಲ ಮೂರು ನಿಮಿಷ ದೊಡ್ಡದಲ್ಲ, ಎರಡನೆಯ ಮೂರು ನಿಮಿಷಕ್ಕೆ ತೋಳು ಸೀಸವಾಗುತ್ತದೆ ಎಂದು ಅವನು ಹೇಳಿದ್ದು ತನ್ನ ಮೈಯ ಅನುಭವ. ಅರ್ಜುನನಿಗೆ ಏನಾಯಿತೋ ಅದು ಅರ್ಜುನನಿಗೇ ಗೊತ್ತು.

ಇಂಥ ಸೋಲಿನ ನಂತರ ಒಂದು ವಾರ ಚಾಪೆ ಬಿಟ್ಟು ಏಳದವರಿದ್ದಾರೆ. ಅರ್ಜುನನಿಗೆ ಸಿಕ್ಕಿದ್ದು ಕೆಲವು ಗಂಟೆ. ಅದೇ ಸಂಜೆ ಕಂಚಿನ ಪದಕಕ್ಕೆ ದಕ್ಷಿಣ ಕೊರಿಯಾದ ಡಾಂಗ್ ಹ್ಯೋಕ್ ವನ್ ಎದುರು ಮತ್ತೆ ಮ್ಯಾಟ್ ಹತ್ತಬೇಕಿತ್ತು. ನಾವು ಅಕ್ಕಿ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದದ್ದು ಆ ಕುಸ್ತಿಯನ್ನು.

ಗ್ರೀಕೋ ರೋಮನ್ ಕುಸ್ತಿ ದೂರದಿಂದ ನೋಡಿದರೆ ಇಬ್ಬರು ಸುಮ್ಮನೆ ತಬ್ಬಿಕೊಂಡು ನಿಂತಂತೆ ಕಾಣುತ್ತದೆ. ಅದರ ರುಚಿ ಹತ್ತಬೇಕಾದರೆ ಬೆರಳುಗಳನ್ನು ನೋಡಬೇಕು ಎಂದು ವಸ್ತಾದ ಕಲಿಸಿದ. ಹಣೆಗೆ ಹಣೆ ಒತ್ತಿದೆ, ಕತ್ತಿನ ನರ ಉಬ್ಬಿದೆ, ಆದರೆ ನಿಜವಾದ ಜಗಳ ಕೆಳಗೆ, ಬೆರಳು ಬೆರಳಿನ ನಡುವೆ. ಒಬ್ಬನ ಕೈ ಇನ್ನೊಬ್ಬನ ಬಗಲಿನೊಳಗೆ ಹಾವಿನ ಹಾಗೆ ನುಗ್ಗುತ್ತದೆ, ಇನ್ನೊಬ್ಬ ಮೊಣಕೈ ಒತ್ತಿ ಅದನ್ನು ಹೊರಗಟ್ಟುತ್ತಾನೆ, ಮತ್ತೆ ನುಗ್ಗುತ್ತದೆ. ಬಗಲು ಗೆದ್ದವನು ಅರ್ಧ ಗೆದ್ದ. ಹಗುರ ತೂಕದವರಲ್ಲಿ ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುತ್ತದೆ. 130 ಕಿಲೋದವರ ಕುಸ್ತಿ ಎರಡು ಲಾರಿ ಮೂತಿಗೆ ಮೂತಿ ಕೊಟ್ಟ ಹಾಗೆ, 55ರದ್ದು ಎರಡು ಗುಬ್ಬಚ್ಚಿ ನೆಲದ ಮೇಲೆ ಒಂದೇ ಗರಿಯುಂಡೆಯಾಗಿ ಹೊರಳಾಡಿದ ಹಾಗೆ. ಯಾರ ಕೈ ಯಾರ ಬೆನ್ನು ಎಂದು ತಿಳಿಯುವಷ್ಟರಲ್ಲಿ ರೆಫ್ರಿಯ ಬೆರಳು ಎರಡೋ ನಾಲ್ಕೋ ಎತ್ತಿರುತ್ತದೆ.

ಮೊಬೈಲಿನ ಚಿತ್ರ ನಡುನಡುವೆ ನಿಂತು ಚಕ್ರ ತಿರುಗುತ್ತಿತ್ತು. ಹಾಗೆ ನಿಂತಾಗಲೆಲ್ಲ ಕೋಣೆಯಲ್ಲಿ ಉಸಿರೂ ನಿಲ್ಲುತ್ತಿತ್ತು; ಹೊರಗೆ ನಲ್ಲಿಯ ಕೆಳಗಿಟ್ಟ ಬಕೆಟ್ಟು ತುಂಬಿ ಚೆಲ್ಲುವ ಸದ್ದು ಕೇಳುತ್ತಿತ್ತು, ಯಾರೂ ಏಳಲಿಲ್ಲ. ಚಿತ್ರ ಮತ್ತೆ ಓಡಿದಾಗ ಅಂಕಗಳು ಬದಲಾಗಿರುತ್ತಿದ್ದವು. ಮಧ್ಯಾಹ್ನದಂತೆ ಕೈಜಾರೀತೆಂಬ ಅಂಜಿಕೆ ಎಲ್ಲರ ಮುಖದ ಮೇಲಿತ್ತು. ವಸ್ತಾದನ ಎರಡೂ ಕೈ ಗೊತ್ತಿಲ್ಲದೆಯೇ ಎದೆಯ ಮುಂದೆ ಬಂದು, ಗಾಳಿಯಲ್ಲಿ ಯಾರದೋ ಬಗಲು ಹುಡುಕುತ್ತಿದ್ದವು. ಕೊನೆಗೆ ಗಡಿಯಾರ ಸೊನ್ನೆಗೆ ಬಂತು. 7-4. ರೆಫ್ರಿ ಅರ್ಜುನನ ಕೈ ಹಿಡಿದು ಮೇಲೆತ್ತಿದ.

ಕಿರಿಯ ಹುಡುಗ ತಟ್ಟೆ ತೆಗೆದುಕೊಂಡು ಹಲಗಿ ಬಡಿದ ಹಾಗೆ ಬಡಿಯತೊಡಗಿದ. ಪಕ್ಕದ ಕೋಣೆಯ ಒಡಿಶಾದ ಹುಡುಗರು ಏನಾಯಿತೆಂದು ಬಾಗಿಲಿಗೆ ಬಂದರು. ಅವರಿಗೂ ಒಂದೊಂದು ರೊಟ್ಟಿ ಹಿಂಡಿ ಸಿಕ್ಕಿತು. ವಸ್ತಾದ ಮಾತ್ರ ಎದ್ದು ಹೊರಗೆ ಹೋಗಿ ನಲ್ಲಿ ನಿಲ್ಲಿಸಿ, ಬಹಳ ಹೊತ್ತು ಮುಖ ತೊಳೆದುಕೊಂಡ.

ಅದೇ ದಿನ, ಅದೇ ಸಭಾಂಗಣದಲ್ಲಿ ಇನ್ನೊಂದು ಕುಸ್ತಿ ನಡೆದಿತ್ತು. 87 ಕಿಲೋದಲ್ಲಿ ಹರಿಯಾಣದ ಸುನಿಲ್ ಕುಮಾರ್ ಸೆಮಿಫೈನಲ್‌ನಲ್ಲಿ ಕಜಕಸ್ತಾನದ ಅಜಾಮತ್ ಕುಸ್ತುಬಾಯೆವ್ ಎದುರು 1-8ರಲ್ಲಿ ಹಿಂದಿದ್ದ. ಇನ್ನು ಒಂದೇ ಒಂದು ಅಂಕ ಹೋಗಿದ್ದರೆ ಎಂಟರ ಅಂತರ ಬಿದ್ದು ಸೋಲು. ಅಲ್ಲಿಂದ ಸತತ ಹನ್ನೊಂದು ಅಂಕ ತೆಗೆದು 12-8ಕ್ಕೆ ಗೆದ್ದ. ಫೈನಲ್ಲಿನಲ್ಲಿ ಕಿರ್ಗಿಸ್ತಾನದ ಅಜತ್ ಸಲಿದಿನೊವ್ ಮೇಲೆ 5-0. ಗ್ರೀಕೋ ರೋಮನ್‌ನಲ್ಲಿ ಭಾರತಕ್ಕೆ ಏಷ್ಯನ್ ಚಿನ್ನ ಬಂದು 27 ವರ್ಷವಾಗಿತ್ತು. ಹಿಂದೆ 1993ರಲ್ಲಿ ಗೆದ್ದ ಪಪ್ಪು ಯಾದವ್ 48 ಕಿಲೋದ ಆಳು, ಅರ್ಜುನನಿಗಿಂತಲೂ ಹಗುರ. ಒಬ್ಬ ಗೆಲುವಿನ ಹೊಸ್ತಿಲಲ್ಲಿ ಜಾರಿದ, ಒಬ್ಬ ಸೋಲಿನ ಹೊಸ್ತಿಲಲ್ಲಿ ಹಿಡಿದು ನಿಂತ. ಮರುದಿನದ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರವೆಲ್ಲ ಚಿನ್ನಕ್ಕೆ ಹೋಯಿತು, ಹೋಗಬೇಕಾದದ್ದೇ. ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ದಿನ ಉಳಿದದ್ದು ಏಳಕ್ಕೆ ಒಂದರಿಂದ ಸೋತು, ಬೆವರು ಆರಿಸಿಕೊಂಡು, ಸಂಜೆ ಮತ್ತೆ ಬಂದು ಕೈ ಕೊಟ್ಟು ನಿಂತ ಹುಡುಗ.

ಅದೇ ತಿಂಗಳು ಧಾರವಾಡದಲ್ಲಿ ಕರ್ನಾಟಕ ಕುಸ್ತಿ ಹಬ್ಬ. ವಸ್ತಾದನಿಗೆ ರಜೆ ಸಿಗಲಿಲ್ಲ, ಹೋಗಲಿಲ್ಲ. ದೆಹಲಿಯ ಕೂಟಕ್ಕೆ ಚೀನಾದ ಪೈಲ್ವಾನರು ಬಂದಿರಲಿಲ್ಲ. ಹೊಸ ಸೋಂಕಿನ ಭಯಕ್ಕೆ ಅವರಿಗೆ ವೀಸಾ ಸಿಕ್ಕಿರಲಿಲ್ಲ. ಆ ಸುದ್ದಿಯನ್ನು ಅವತ್ತು ನಾವು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಐದು ವಾರ ಕಳೆದೊಡನೆ, ಮಾರ್ಚ್ 25ಕ್ಕೆ, ದೇಶವೇ ಬಾಗಿಲು ಹಾಕಿತು. ತುಮಕೂರು ರಸ್ತೆ ಅಷ್ಟು ಮೌನವಾಗಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಹೊಂಗೆ ಹೂವು ಶೀಟಿನ ಮೇಲೆ ಉದುರುವ ಸದ್ದು ಕೇಳುತ್ತಿತ್ತು. ನಾಲ್ವರೂ ಊರಿಗೆ ಹೋದರು. ಮೂರನೆಯ ಕೋಣೆಯಲ್ಲಿ ಉಳಿದದ್ದು ಸುರುಳಿ ಹಾಸಿಗೆ, ತಂತಿಯ ಮೇಲೆ ಮರೆತ ಒಂದು ನೀಲಿ ಷರ್ಟು.

ವಸ್ತಾದ ಮರಳಿದ್ದು ಮರುವರ್ಷ, ಇಬ್ಬರೊಂದಿಗೆ. ನಾಲ್ಕನೆಯವನು ಊರಲ್ಲೇ ಹೊಲಕ್ಕೆ ನಿಂತ. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. 2022ರ ಏಪ್ರಿಲ್ 19, ಅದೂ ಮಂಗಳವಾರವೇ, ಮಂಗೋಲಿಯಾದ ಉಲಾನ್‌ಬಾತರ್. ಅರ್ಜುನನ ಎದುರಿಗೆ ಮಂಗೋಲಿಯಾದವನೇ ಆದ ದವಾಬಂದಿ ಮುಂಖ್ ಎರ್ಡೆನೆ. ಕುಸ್ತಿಯನ್ನು ಹಾಲಿನ ಜತೆ ಕುಡಿಸುವ ನಾಡು, ಸಭಾಂಗಣದ ಕೂಗೆಲ್ಲ ಅವನದು. ಅರ್ಜುನ 10-7ಕ್ಕೆ ಗೆದ್ದು ಎರಡನೆಯ ಏಷ್ಯನ್ ಕಂಚು ಕೊರಳಿಗೆ ಹಾಕಿಕೊಂಡ. ವಸ್ತಾದನಿಗೆ ಎರಡನೆಯ ಪಾಳಿ ಇದ್ದ ದಿನ; ರಾತ್ರಿ ಹತ್ತೂವರೆಗೆ ಬಂದು, ಕಿಟಕಿ ತಟ್ಟಿ, ಹತ್ತು ಬೆರಳು ಎತ್ತಿ ತೋರಿಸಿ, ಆಮೇಲೆ ಏಳು ತೋರಿಸಿ, ನಕ್ಕು ಹೋದ.

ಒಲಿಂಪಿಕ್ಸ್‌ಗೆ ಯಾವಾಗ ಹೋಗುತ್ತಾನೆ ಎಂದು ನಾನು ಕೇಳಿದ್ದು ಆಮೇಲಿನ ಭಾನುವಾರ. ಅವನ ಮುಖ ಗಂಭೀರವಾಯಿತು. “ಅಲ್ಲಿ ಐವತ್ತೈದು ಇಲ್ರಿ ಸರ.” ಗ್ರೀಕೋ ರೋಮನ್‌ನಲ್ಲಿ ಹತ್ತು ತೂಕ ವಿಭಾಗಗಳಿವೆ, 55ರಿಂದ 130ರವರೆಗೆ. ಒಲಿಂಪಿಕ್ಸ್ ಅದರಲ್ಲಿ ಆರನ್ನಷ್ಟೇ ಒಳಗೆ ಬಿಡುತ್ತದೆ, ಮೊದಲನೆಯ ಮೆಟ್ಟಿಲೇ 60. ಇದು ಮೊದಲಿಂದ ಹೀಗಿರಲಿಲ್ಲ. 1996ರ ಅಟ್ಲಾಂಟಾದಲ್ಲಿ 48 ಕಿಲೋದವರಿಗೂ ಜಾಗವಿತ್ತು. ಚಿನ್ನ ಗೆದ್ದವನು ದಕ್ಷಿಣ ಕೊರಿಯಾದ ಸಿಮ್ ಕ್ವಾನ್ ಹೋ. ಆ ವಿಭಾಗವನ್ನೇ ತೆಗೆದುಹಾಕಿದರು. ಅವನು ಮೈಗೆ ಆರು ಕಿಲೋ ಕೂಡಿಸಿ, 2000ದ ಸಿಡ್ನಿಗೆ 54ರಲ್ಲಿ ಬಂದು ಮತ್ತೆ ಚಿನ್ನ ಗೆದ್ದ. ಆಮೇಲೆ ಮೆಟ್ಟಿಲು 55 ಆಯಿತು, ರಿಯೋಗೆ 59, ಟೋಕಿಯೋದಿಂದ 60. ಪ್ಯಾರಿಸ್ಸಿನಲ್ಲಿ ಆ 60ರ ಚಿನ್ನ ಜಪಾನಿನ ಕೆನಿಚಿರೊ ಫುಮಿತಾಗೆ ಹೋಯಿತು. ಸಣ್ಣ ಮೈಯವರಿಗೆ ಬಾಗಿಲು ಪ್ರತಿ ಸಲವೂ ಒಂದಿಷ್ಟು ಎತ್ತರಕ್ಕೆ ಸರಿಯುತ್ತ ಬಂದಿದೆ.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟು ಹೇಳಿದರೆ ಅನ್ಯಾಯ. ಲಂಡನ್ನಿನಲ್ಲಿ ಗಂಡಸರ ಎರಡು ಶೈಲಿಗೂ ಏಳೇಳು ವಿಭಾಗ, ಹೆಂಗಸರಿಗೆ ನಾಲ್ಕೇ ಇದ್ದವು. ರಿಯೋಗೆ ಮೂರಕ್ಕೂ ಆರಾರು ಎಂದು ಸಮ ಮಾಡಿದರು. ಹಾಗೆ ಹೆಂಗಸರಿಗೆ ಹೊಸದಾಗಿ ಬಂದ ವಿಭಾಗಗಳಲ್ಲಿ 58 ಕಿಲೋ ಒಂದು, ಸಾಕ್ಷಿ ಮಲಿಕ್ ಕಂಚು ಗೆದ್ದದ್ದು ಅದರಲ್ಲೇ. ಆ ಪದಕಕ್ಕೆ ನಾವೆಲ್ಲ ಕುಣಿದಿದ್ದೆವು, ಈಗಲೂ ಕುಣಿಯುತ್ತೇವೆ. ಹೆಂಗಸರಿಗೆ ಕೊಟ್ಟದ್ದು ಸರಿ. ಅದಕ್ಕಾಗಿ ಬಿಟ್ಟುಕೊಡಬೇಕಾದ ಜಾಗ ಪ್ರತಿ ಸಲ ಅತಿ ಹಗುರದವನದ್ದೇ ಯಾಕಾಗಬೇಕು ಎಂಬುದು ಮಾತ್ರ ನನಗೆ ಹಿಡಿಸುವುದಿಲ್ಲ. ಐದು ಕಿಲೋ ಕೂಡಿಸಿಕೊಳ್ಳಲಿ ಎನ್ನುವವರಿದ್ದಾರೆ. ಐದು ಕಿಲೋ ಎಂದರೇನೆಂದು ಡಿಸ್ಪ್ಯಾಚಿನಲ್ಲಿ ದಿನಕ್ಕೆ ನಾಲ್ಕು ನೂರು ಪೆಟ್ಟಿಗೆ ತೂಗುವವನನ್ನು ಕೇಳಬೇಕು. ಹುಟ್ಟಾ ಅರವತ್ತೈದು ಇದ್ದು ತೂಕ ಇಳಿಸಿ ಬಂದವನ ಎಲುಬೇ ಬೇರೆ, ಐವತ್ತೈದರಿಂದ ಉಂಡು ಮೇಲೇರಿದವನ ಎಲುಬೇ ಬೇರೆ. ಎದೆಗೆ ಎದೆ ತಾಗಿಸಿ ಹಿಡಿಯುವ ಕುಸ್ತಿಯಲ್ಲಿ ಅದು ಮೊದಲ ತಳ್ಳಿಗೇ ಗೊತ್ತಾಗುತ್ತದೆ.

ಈಗ ಮಾದಾವರದವರೆಗೆ ಮೆಟ್ರೊ ಬಂದಿದೆ, 2024ರ ನವೆಂಬರಿನಿಂದ. ವಠಾರದ ಬಾಡಿಗೆ ಏರಿದೆ. ಮೂರನೆಯ ಕೋಣೆಯಲ್ಲಿ ವಸ್ತಾದ ಈಗಲೂ ಇದ್ದಾನೆ, ಹೆಂಡತಿಯನ್ನು ಕರೆತಂದಿದ್ದಾನೆ, ರೊಟ್ಟಿಯ ಸದ್ದಿಗೆ ಬೇರೆ ಲಯ ಬಂದಿದೆ. ಭಾನುವಾರ ಬೆಳಗ್ಗೆ ಹೊಂಗೆ ಮರದ ಕೆಳಗೆ ಅವನು ಹಳೆಯ ಎರಡು ಹಾಸಿಗೆ ಹಾಸಿ, ಮೇಲೆ ಟಾರ್ಪಾಲು ಎಳೆದು ಕಟ್ಟುತ್ತಾನೆ. ಐದಾರು ಹುಡುಗರು ಬರುತ್ತಾರೆ. ಕಾರ್ಖಾನೆ ಕಾವಲುಗಾರನ ಮಗ, ಗೋಬಿ ಗಾಡಿಯವನ ತಮ್ಮ, ಒಡಿಶಾದವರ ಪೈಕಿ ಒಬ್ಬ. ದಂಡ, ಬಸ್ಕಿ, ಆಮೇಲೆ ಕತ್ತಿಗೆ ಕತ್ತು ಕೊಟ್ಟು ತಳ್ಳಾಟ. ಟಾರ್ಪಾಲಿನ ಮೇಲೆ ಬರಿಗಾಲು ಉಜ್ಜುವ ಚರಚರ, ಬಿದ್ದವನ ಹೊಟ್ಟೆಯಿಂದ ಬರುವ ಹುಕ್ಕೆಂಬ ಸದ್ದು, ಬೆವರಿಗೆ ಬೆರೆತ ಹೊಂಗೆ ಹೂವಿನ ವಾಸನೆ. “ಕಾಲು ಬಿಡೋ, ಕಾಲು ಬಿಡು, ಬಗಲು ನೋಡು,” ಎಂದು ವಸ್ತಾದ ಸುತ್ತ ತಿರುಗುತ್ತ ಕೂಗುತ್ತಿರುತ್ತಾನೆ.

ಕಳೆದ ಭಾನುವಾರ ಕಾವಲುಗಾರನ ಮಗನನ್ನು ಗುಜರಿ ಅಂಗಡಿಗೆ ಕರೆದೊಯ್ದ. ಅಂಗಡಿಯವನು ತಕ್ಕಡಿಯ ಮೇಲಿದ್ದ ರಟ್ಟಿನ ಕಟ್ಟು ಎತ್ತಿ ಬದಿಗಿಟ್ಟು, ಧೂಳು ಕೊಡವಿ, ಜಾಗ ಮಾಡಿಕೊಟ್ಟ. ಹುಡುಗ ಹತ್ತಿ ನಿಂತು ಮೈ ಬಿಗಿಹಿಡಿದ. ಕೆಂಪು ಅಂಕಿಗಳು ಅತ್ತಿತ್ತ ಓಡಾಡಿ 41.3ಕ್ಕೆ ನಿಂತವು. ನಲವತ್ತೊಂದು ಎಂದು ಅವನು ಹಿಗ್ಗಿ ನನ್ನ ಕಡೆ ನೋಡಿದ.

“ಇಳಿ,” ಎಂದ ವಸ್ತಾದ. “ಚಪ್ಪಲಿ ಬಿಟ್ಟು ಹತ್ತು.”